ಮನೆಯ ರೇಸಿಂಗ್ ಸಿಮ್ಯುಲೇಟರ್‌ಗೆ ಪೆಡಲ್: ಕೊಳ್ಳುವ ಮೊದಲು ಕುರ್ಚಿ ನೋಡಿ

ಮೈಸೂರು, ಮಂಡ್ಯ ಕಡೆ ಮನೆಯಲ್ಲಿ ಸಿಮ್ ರೇಸಿಂಗ್ (ಸ್ಟಿಯರಿಂಗ್, ಪೆಡಲ್ ಇಟ್ಟು ಆಡುವ ಕಾರ್ ರೇಸ್ ವಿಡಿಯೊ ಗೇಮ್) ಆಡುವವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಒಂದೇ: "ದುಡ್ಡು ಕೂಡಿಸಿ ಲೋಡ್ ಸೆಲ್ ಪೆಡಲ್ ತಂದೆ, ಲ್ಯಾಪ್ ಸಮಯ ಮಾತ್ರ ಇದ್ದಲ್ಲೇ ಇದೆ." ಲೋಡ್ ಸೆಲ್ ಎಂದರೆ ಪಾದ ಒತ್ತುವ ಬಲವನ್ನು ಅಳೆಯುವ ಸಾಧನ, ಲ್ಯಾಪ್ ಎಂದರೆ ಟ್ರ್ಯಾಕಿನ ಒಂದು ಸುತ್ತು. ವಿಚಾರಿಸಿದರೆ ಹತ್ತರಲ್ಲಿ ಎಂಟು ಸಲ ಪೆಡಲಿನಲ್ಲಿ ದೋಷವಿರುವುದಿಲ್ಲ. ಗಾಲಿ ಇರುವ ಆಫೀಸ್ ಕುರ್ಚಿ, ನುಣುಪಾದ ಟೈಲ್ಸ್ ನೆಲ, ಗೋಡೆಗೆ ಒರಗಿಸಿದ ಪೆಡಲ್. ಇಂಥ ಕಡೆ ಎಷ್ಟು ಬೆಲೆಯ ಪೆಡಲ್ ಇಟ್ಟರೂ ಕೆಲಸ ಮಾಡದು.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕ್ರಮಕ್ಕೇ ಹೆಚ್ಚು ಒತ್ತು. ಮೊದಲು ಕೂರುವ ಜಾಗ, ಆಮೇಲೆ ಬ್ರೇಕ್, ಆಮೇಲೆ ಕ್ಯಾಲಿಬ್ರೇಷನ್ (ಎಷ್ಟು ಒತ್ತಿದರೆ ಎಷ್ಟು ಅಂಕಿ ಎಂದು ತಂತ್ರಾಂಶಕ್ಕೆ ತಿಳಿಸುವುದು), ಕೊನೆಗೆ ಆಕ್ಸಿಲರೇಟರ್ ಮತ್ತು ಕ್ಲಚ್. ಈ ಸಾಲನ್ನು ಹಿಂದುಮುಂದು ಮಾಡಬೇಡಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಮನೆಯಲ್ಲಿ ತೂಕ ನೋಡಿಕೊಳ್ಳುವ ಯಂತ್ರ, ಆಲನ್ ಕೀ ಸೆಟ್, 10 ಮತ್ತು 13ರ ಸ್ಪಾನರ್, ಅಳತೆ ಪಟ್ಟಿ, ಪೆನ್ಸಿಲ್, ದಪ್ಪ ರಟ್ಟು, ವಿಡಿಯೊ ತೆಗೆಯಲು ಮೊಬೈಲ್. ಹಳೆಯ ಪೆಡಲ್ ಬಿಚ್ಚುವವರಾದರೆ ಸ್ಟಾರ್ ಸ್ಕ್ರೂಡ್ರೈವರ್ ಮತ್ತು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಕೂಡ ಬೇಕು. ತುಕ್ಕು ಬಿಡಿಸಲು ಬಳಸುವ ಸಾಮಾನ್ಯ ಎಣ್ಣೆ ಸ್ಪ್ರೇ ಇದಕ್ಕೆ ಆಗದು. ಅದು ಒಳಗೆ ಜಿಡ್ಡು ಉಳಿಸುತ್ತದೆ, ಜಿಡ್ಡಿಗೆ ಧೂಳು ಅಂಟುತ್ತದೆ.

## ಹಂತ 1: ಕುರ್ಚಿ ಎಷ್ಟು ತಡೆಯುತ್ತದೆ ಎಂದು ಅಳೆಯಿರಿ

ಪೆಡಲ್ ಇರುವ ಜಾಗದಲ್ಲಿ ತೂಕದ ಯಂತ್ರವನ್ನು ಗೋಡೆಗೆ ಅಥವಾ ಗಟ್ಟಿಯಾದ ಹಲಗೆಗೆ ಒರಗಿಸಿ. ಎಂದಿನ ಕುರ್ಚಿಯಲ್ಲಿ ಎಂದಿನಂತೆ ಕುಳಿತು, ಬಲಗಾಲಿನ ಹೆಬ್ಬೆರಳ ಬುಡದಿಂದ ಯಂತ್ರವನ್ನು ನಿಧಾನವಾಗಿ ಒತ್ತುತ್ತಾ ಹೋಗಿ. ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಅಂಕಿ ಓದಲಿ. ಕುರ್ಚಿ ಜಾರಿದಾಗ, ಇಲ್ಲವೇ ಬೆನ್ನು ಒರಗು ಹಿಂದಕ್ಕೆ ಬಾಗಿದಾಗ ಯಂತ್ರ ಎಷ್ಟು ಕೆಜಿ ತೋರಿಸುತ್ತಿತ್ತೋ ಅದನ್ನು ಬರೆದಿಟ್ಟುಕೊಳ್ಳಿ.

ನೀವು 40 ಕೆಜಿ ಬಲದಿಂದ ಬ್ರೇಕ್ ಒತ್ತಿದರೆ ಬ್ರೇಕ್ ಕೂಡ ನಿಮ್ಮನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಆ ಬಲವನ್ನು ಕುರ್ಚಿಯ ಬೆನ್ನು ಒರಗು ಹೊರಬೇಕು. ಗಾಲಿ ಕುರ್ಚಿಯಲ್ಲಿ ಅಂಕಿ 20 ಕೆಜಿ ದಾಟುವುದೇ ಕಷ್ಟ. ಕುರ್ಚಿ 20ಕ್ಕೇ ಸರಿಯುವುದಾದರೆ 100 ಕೆಜಿ ಅಳೆಯುವ ಪೆಡಲ್ ತಂದು ಏನು ಪ್ರಯೋಜನ? ಅದರಲ್ಲಿ ಐದನೇ ಒಂದು ಪಾಲು ಮಾತ್ರ ಬಳಕೆಯಾಗುತ್ತದೆ.

ಅಂಕಿ 35 ಕೆಜಿಗಿಂತ ಕಡಿಮೆ ಬಂದರೆ ಪೆಡಲ್ ಕೊಳ್ಳುವುದನ್ನು ಮುಂದಕ್ಕೆ ಹಾಕಿ. ಆ ದುಡ್ಡಿನಿಂದ ಮೊದಲು ಕುರ್ಚಿ, ಪೆಡಲ್ ಎರಡನ್ನೂ ಹಿಡಿದಿಡುವ ಚೌಕಟ್ಟು ಮಾಡಿಸಿ (ಹಂತ 5). ಬಾಡಿಗೆ ಮನೆಯಲ್ಲಿದ್ದು ಚೌಕಟ್ಟಿಗೆ ಜಾಗವಿಲ್ಲ ಎನ್ನುವವರು ಕನಿಷ್ಠ ಗಾಲಿ ಇಲ್ಲದ ಮರದ ಕುರ್ಚಿಗೆ ಬದಲಾಗಿ. ಕುರ್ಚಿಯ ಮುಂಗಾಲುಗಳನ್ನೂ ಪೆಡಲ್ ಹಲಗೆಯನ್ನೂ ಲಾರಿಗೆ ಸರಕು ಕಟ್ಟುವ ಪಟ್ಟಿಯಿಂದ ಬಿಗಿದುಬಿಡಿ. ಆಗ ಕುರ್ಚಿ ಹಿಂದೆ ಸರಿಯಲು ಪೆಡಲನ್ನೂ ಎಳೆಯಬೇಕಾಗುತ್ತದೆ, ಹಾಗಾಗಿ ಎರಡೂ ಇದ್ದಲ್ಲೇ ನಿಲ್ಲುತ್ತವೆ. ಖರ್ಚು ತೀರಾ ಕಡಿಮೆ, ಗುಣ ಮಾತ್ರ ಕೂಡಲೇ ಕಾಣುತ್ತದೆ.

## ಹಂತ 2: ಈಗಿರುವ ಪೆಡಲಿನ ತೊಂದರೆ ಏನೆಂದು ಪತ್ತೆ ಮಾಡಿ

ವಿಂಡೋಸ್‌ನಲ್ಲಿ ಗೇಮ್ ಕಂಟ್ರೋಲರ್ ಸೆಟ್ಟಿಂಗ್ ತೆರೆದು ಒತ್ತಿದಂತೆ ಏರುವ ಪೆಡಲಿನ ಪಟ್ಟಿಗಳನ್ನು ನೋಡಿ. ಆಕ್ಸಿಲರೇಟರನ್ನು ಬಹಳ ನಿಧಾನವಾಗಿ ಪೂರ್ತಿ ಒತ್ತಿ, ಅಷ್ಟೇ ನಿಧಾನವಾಗಿ ಬಿಡಿ. ಪಟ್ಟಿ ನಡುವೆ ಎಲ್ಲಾದರೂ ಹಾರಿದರೆ, ನಡುಗಿದರೆ, ಪೂರ್ತಿ ಒತ್ತಿದರೂ ತುದಿ ಮುಟ್ಟದಿದ್ದರೆ ಸೆನ್ಸರ್ ಕೊಳೆಯಾಗಿದೆ ಅಥವಾ ಸವೆದಿದೆ.

ಲಾಜಿಟೆಕ್ ಜಿ29, ಜಿ920 ಬಗೆಯ ಪೆಡಲ್‌ಗಳಲ್ಲಿ ಇರುವುದು ಪೊಟೆನ್ಶಿಯೋಮೀಟರ್. ಒಳಗೆ ಒಂದು ಪಟ್ಟಿಯ ಮೇಲೆ ಲೋಹದ ಕಡ್ಡಿ ಉಜ್ಜುತ್ತಾ ಓಡಾಡುತ್ತದೆ. ಧೂಳು ಹೊಕ್ಕರೆ ಅಂಕಿ ಹಾರುತ್ತದೆ. ಪೆಡಲ್ ನೆಲದ ಮಟ್ಟದಲ್ಲೇ ಇರುವುದರಿಂದ ಮನೆ ಗುಡಿಸಿದ ಧೂಳು ನೇರವಾಗಿ ಅಲ್ಲಿಗೇ ಹೋಗುತ್ತದೆ. ವೈರ್ ಕಿತ್ತು, ಅಡಿಯ ಸ್ಕ್ರೂಗಳನ್ನು ಬಿಚ್ಚಿ, ಪೊಟೆನ್ಶಿಯೋಮೀಟರಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಸಿಂಪಡಿಸಿ, ಪೆಡಲನ್ನು ಕೈಯಿಂದ ಹಲವು ಬಾರಿ ಆಡಿಸಿ, ಪೂರ್ತಿ ಒಣಗಿದ ಮೇಲಷ್ಟೇ ಜೋಡಿಸಿ. ವಾರಂಟಿ ಇನ್ನೂ ಉಳಿದಿದ್ದರೆ ಬಿಚ್ಚುವ ಗೋಜಿಗೆ ಹೋಗದೆ ಮೊದಲು ಮಾರಿದವರನ್ನು ಕೇಳಿ.

ಪಟ್ಟಿ ನಯವಾಗಿಯೇ ಏರಿಳಿಯುತ್ತಿದ್ದರೆ ಸೆನ್ಸರ್ ಚೆನ್ನಾಗಿದೆ ಎಂದರ್ಥ. ನಿಮಗೆ ಬೇಕಿರುವುದು ರಿಪೇರಿಯಲ್ಲ, ಬ್ರೇಕಿನ ಬಗೆಯನ್ನೇ ಬದಲಿಸುವುದು. ಹಂತ 3 ಅಂಥವರಿಗಾಗಿ.

## ಹಂತ 3: ಯಾವ ಬಗೆಯ ಬ್ರೇಕ್?

ಪೆಡಲ್ ಕೊಳ್ಳುವುದೆಂದರೆ ಬ್ರೇಕ್ ಕೊಳ್ಳುವುದು, ಉಳಿದ ಎರಡು ಅದರ ಜೊತೆಗೆ ಬರುತ್ತವೆ. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಕಾರು ಓಡಿಸಿದವರಿಗೆ ಕಾಲಿನ ಅನುಭವ ಇದ್ದೇ ಇರುತ್ತದೆ: ಬ್ರೇಕ್ ಹಿಡಿದ ಮೇಲೆ ಪೆಡಲ್ ಹೆಚ್ಚು ಕೆಳಗೆ ಹೋಗುವುದಿಲ್ಲ, ಒತ್ತಡ ಹೆಚ್ಚಿದಂತೆ ಕಾರು ನಿಧಾನವಾಗುತ್ತದೆ. ಅಂದರೆ ಕಾಲಿಗೆ ನೆನಪಿರುವುದು ಒತ್ತಡ, ದೂರ ಅಲ್ಲ.

ಪೊಟೆನ್ಶಿಯೋಮೀಟರ್ ಅಳೆಯುವುದು ಪೆಡಲ್ ಎಷ್ಟು ದೂರ ಚಲಿಸಿತು ಎಂಬುದನ್ನು. ಹಾಲ್ ಸೆನ್ಸರ್ ಅಳೆಯುವುದೂ ಅದನ್ನೇ, ಆದರೆ ಅಯಸ್ಕಾಂತದ ಮೂಲಕ. ಉಜ್ಜಾಟವಿಲ್ಲದ ಕಾರಣ ಅದು ಸವೆಯುವುದಿಲ್ಲ, ಧೂಳಿಗೂ ಅಷ್ಟಾಗಿ ಬಗ್ಗುವುದಿಲ್ಲ. ಆಕ್ಸಿಲರೇಟರಿಗೆ ಹಾಲ್ ಸೆನ್ಸರ್ ಇದ್ದರೆ ಬೇಕಾದಷ್ಟಾಯಿತು. "ಹಾಲ್ ಸೆನ್ಸರ್ ಇದೆ" ಎಂಬ ಒಂದೇ ಮಾತಿಗೆ ಮರುಳಾಗಿ ಬ್ರೇಕ್ ಕೊಂಡವರು ಬಹಳ ಮಂದಿ. ಆ ಬ್ರೇಕ್ ಬಾಳಿಕೆ ಬರುತ್ತದೆ, ನಿಜ. ಕಾಲಿಗೆ ಮಾತ್ರ ಹಳೆಯದಕ್ಕಿಂತ ಹೆಚ್ಚಿನ ವ್ಯತ್ಯಾಸ ತಿಳಿಯದು.

ಲೋಡ್ ಸೆಲ್ ಅಳೆಯುವುದು ಬಲವನ್ನು. ಮಂಡ್ಯದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರನ್ನು ತೂಗುವ ವೇಬ್ರಿಡ್ಜ್‌ನ ಅಡಿಯಲ್ಲಿ ಇರುವುದೂ ಇದೇ ಜಾತಿಯ ಸಾಧನ. ಲೋಹದ ತುಂಡೊಂದು ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೈಗೆ ಅಂಟಿಸಿದ ತೆಳು ಲೋಹದ ಪಟ್ಟಿಯ ವಿದ್ಯುತ್ ರೋಧ ಅಷ್ಟಕ್ಕೇ ಬದಲಾಗುತ್ತದೆ. ಆ ಬದಲಾವಣೆಯನ್ನು ಹಿಗ್ಗಿಸಿ ಅಂಕಿಯಾಗಿ ಓದಲಾಗುತ್ತದೆ. ಪೆಡಲಿನಲ್ಲಿ ಲೋಡ್ ಸೆಲ್ಲಿನ ಜೊತೆ ರಬ್ಬರ್ ಬಿಲ್ಲೆಗಳು ಅಥವಾ ಸ್ಪ್ರಿಂಗ್‌ಗಳು ಇರುತ್ತವೆ. ಕಾಲಿಗೆ ಮೆದುವೋ ಗಟ್ಟಿಯೋ ಎಂದು ನಿರ್ಧರಿಸುವುದು ಅವು.

ಜಾಹೀರಾತಿನ ಕೆಜಿ ಅಂಕಿ ನೋಡಿ ಬೀಗಬೇಡಿ, ಹೆದರಲೂ ಬೇಡಿ. ಪೆಡಲಿನ ತೋಳು ಒಂದು ಸನ್ನೆಗೋಲು. ತಿರುಗುವ ಕೀಲಿನಿಂದ ಪಾದ ತಾಗುವ ಜಾಗಕ್ಕೆ 20 ಸೆಂ.ಮೀ., ಅದೇ ಕೀಲಿನಿಂದ ಲೋಡ್ ಸೆಲ್ಲಿಗೆ ತಾಗುವ ದಂಡಕ್ಕೆ 5 ಸೆಂ.ಮೀ. ಇದ್ದರೆ ಬಲ ನಾಲ್ಕು ಪಟ್ಟಾಗುತ್ತದೆ. ನೀವು 30 ಕೆಜಿ ಒತ್ತಿದರೆ ಲೋಡ್ ಸೆಲ್ಲಿನ ಮೇಲೆ ಬೀಳುವುದು 120 ಕೆಜಿ. ಆದ್ದರಿಂದ "200 ಕೆಜಿ ಲೋಡ್ ಸೆಲ್" ಎಂದರೆ ಕಾಲಿನಿಂದ 200 ಕೆಜಿ ಒತ್ತಬೇಕೆಂದಲ್ಲ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇದು: ಈ ಅಂಕಿ ಪಾದದ ಬಳಿ ಅಳೆದದ್ದೋ, ಸೆಲ್ಲಿನ ಬಳಿ ಅಳೆದದ್ದೋ?

ಹೈಡ್ರಾಲಿಕ್ ಪೆಡಲ್‌ಗಳೂ ಇವೆ. ಬೆಲೆ, ಎಣ್ಣೆ ಸೋರಿಕೆ, ಬಿಡಿಭಾಗಗಳ ಅಭಾವ ಮೂರನ್ನೂ ನೋಡಿದರೆ ಮನೆಗೆ ಅವು ಬೇಡವೆಂದೇ ನನ್ನ ಸಲಹೆ.

## ಹಂತ 4: ಯಾವುದಕ್ಕೆ ಯಾವುದು ಹೊಂದುತ್ತದೆ

ಇಲ್ಲಿ ಎಡವಿದರೆ ಹಣ ನೇರವಾಗಿ ನೀರಿಗೆ ಬೀಳುತ್ತದೆ.

ಕಂಪ್ಯೂಟರ್‌ನಲ್ಲಿ ಆಡುವವರಿಗೆ ದಾರಿ ಸಲೀಸು. ಯುಎಸ್‌ಬಿ ಇರುವ ಯಾವುದೇ ಕಂಪನಿಯ ಪೆಡಲನ್ನು ಬೇರೆ ಕಂಪನಿಯ ಸ್ಟಿಯರಿಂಗ್ ಜೊತೆ ಬಳಸಬಹುದು. ಅಸೆಟ್ಟೊ ಕೋರ್ಸಾ, ಐರೇಸಿಂಗ್‌ನಂಥ ಆಟಗಳು ಎರಡು ಸಾಧನಗಳನ್ನು ಒಟ್ಟಿಗೆ ಗುರುತಿಸುತ್ತವೆ. ಹಳೆಯ ಕೆಲವು ಆಟಗಳಿಗೆ ಅದು ಆಗದು, ನಿಮ್ಮ ಆಟದ್ದನ್ನು ಮೊದಲೇ ವಿಚಾರಿಸಿ.

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮುಂತಾದ ಕನ್ಸೋಲ್ ಇರುವವರು ಎರಡು ಸಲ ಯೋಚಿಸಿ. ಅಲ್ಲಿ ಪೆಡಲ್ ಸಾಮಾನ್ಯವಾಗಿ ಸ್ಟಿಯರಿಂಗ್ ಬೇಸ್ (ಸ್ಟಿಯರಿಂಗ್ ಕೂರಿಸುವ ಪೆಟ್ಟಿಗೆ) ಮೂಲಕವೇ ಹೋಗಬೇಕು, ಅಂದರೆ ಅದೇ ಕಂಪನಿಯದಾಗಿರಬೇಕು. ಥ್ರಸ್ಟ್‌ಮಾಸ್ಟರ್ ಟಿ-ಎಲ್‌ಸಿಎಂ ಪೆಡಲಿಗೆ ಯುಎಸ್‌ಬಿಯೂ ಇದೆ, ಬೇಸಿಗೆ ಹಾಕುವ ಆರ್‌ಜೆ12 ವೈರ್ ಕೂಡ ಇದೆ. ಕನ್ಸೋಲ್‌ನಲ್ಲಿ ಎರಡನೆಯದೇ ಗತಿ, ಬೇಸ್ ಕೂಡ ಥ್ರಸ್ಟ್‌ಮಾಸ್ಟರಿನದೇ ಬೇಕು. ಫ್ಯಾನಟೆಕ್‌ನದೂ ಇದೇ ಕಥೆ. ನಡುವೆ ಹಾಕುವ ಅಡಾಪ್ಟರ್‌ಗಳು ಸಿಗುತ್ತವೆಯಾದರೂ ಕನ್ಸೋಲ್ ಅಪ್‌ಡೇಟ್ ಆದ ದಿನ ಅವು ಕೈಕೊಡಬಹುದು.

ವಿದೇಶದಿಂದ ತರಿಸುವವರು ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ರಬ್ಬರ್ ಬಿಲ್ಲೆ, ಸ್ಪ್ರಿಂಗ್‌ನಂಥ ಬಿಡಿಭಾಗ ಭಾರತದಲ್ಲಿ ಸಿಗುತ್ತದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

### ಸ್ವತಃ ಮಾಡಿಕೊಳ್ಳುವವರಿಗೆ

ಬೆಸುಗೆ ಹಾಕಲು ಬರುವವರು ಹಳೆಯ ಪೆಡಲಿನ ಬ್ರೇಕಿಗೆ ತಾವೇ ಲೋಡ್ ಸೆಲ್ ಜೋಡಿಸಬಹುದು. ಬೇಕಾದ ಬಿಡಿಭಾಗಗಳು ಲೋಡ್ ಸೆಲ್, ಎಚ್‌ಎಕ್ಸ್711 ಆಂಪ್ಲಿಫೈಯರ್ (ಸೆಲ್ಲಿನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಚಿಪ್) ಮತ್ತು ಆರ್ಡುಯಿನೋ ಪ್ರೋ ಮೈಕ್ರೋ (ಪ್ರೋಗ್ರಾಂ ಮಾಡಬಹುದಾದ ಪುಟ್ಟ ಬೋರ್ಡು). ಇವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ. ಆರ್ಡುಯಿನೋ ಪ್ರೋ ಮೈಕ್ರೋ ಎಂದೇ ಕೇಳಿ ಪಡೆಯಿರಿ, ಅದು ಯುಎಸ್‌ಬಿ ಮೂಲಕ ನೇರವಾಗಿ ಜಾಯ್‌ಸ್ಟಿಕ್ ಆಗಿ ಕಾಣಿಸಿಕೊಳ್ಳಬಲ್ಲದು. ಆರ್ಡುಯಿನೋ ಊನೋ ಸುಲಭವಾಗಿ ಹಾಗೆ ಆಗದು.

ಬಹಳ ಮಂದಿ ಸೋಲುವುದು ಚಿಪ್ಪಿನ ಒಂದು ಚಿಕ್ಕ ಪಿನ್ನಿನಲ್ಲಿ. ಎಚ್‌ಎಕ್ಸ್711 ಚಿಪ್ಪಿಗೆ 'ರೇಟ್' ಎಂಬ ಪಿನ್ ಇದೆ, 15ನೆಯದು. ಅಗ್ಗದ ಬೋರ್ಡುಗಳಲ್ಲಿ ಅದನ್ನು ಗ್ರೌಂಡಿಗೆ ಸೇರಿಸಿರುತ್ತಾರೆ. ಆಗ ಚಿಪ್ ಸೆಕೆಂಡಿಗೆ 10 ಸಲ ಮಾತ್ರ ಅಳೆಯುತ್ತದೆ, ಬ್ರೇಕ್ ಮೆಟ್ಟಿಲು ಹತ್ತಿದಂತೆ ಏರುತ್ತದೆ. ಆ ಪಿನ್ನನ್ನು ಗ್ರೌಂಡಿನಿಂದ ಬಿಡಿಸಿ ಚಿಪ್ಪಿನ ಡಿಜಿಟಲ್ ವಿದ್ಯುತ್ ಪಿನ್ನಿಗೆ ಸೇರಿಸಿದರೆ ಸೆಕೆಂಡಿಗೆ 80 ಸಲ. ಒತ್ತಿದಾಗ ಅಂಕಿ ಏರುವ ಬದಲು ಇಳಿಯುತ್ತಿದ್ದರೆ ಗಾಬರಿ ಬೇಡ, ಸೆಲ್ಲಿನ ಎರಡು ಸಿಗ್ನಲ್ ವೈರ್‌ಗಳನ್ನು, ಹೆಚ್ಚಾಗಿ ಹಸಿರು ಮತ್ತು ಬಿಳಿ, ಅದಲುಬದಲು ಮಾಡಿ.

## ಹಂತ 5: ಚೌಕಟ್ಟು

40 ಮಿ.ಮೀ. ಅಗಲದ ಅಲ್ಯೂಮಿನಿಯಂ ಪ್ರೊಫೈಲಿನಲ್ಲಿ (ಬೋಲ್ಟ್ ಕೂರಲು ಉದ್ದಕ್ಕೂ ಸೀಳಿರುವ ದಂಡ) ಕಟ್ಟಿದರೆ ಮುಂದೆ ಬೇಕಾದಂತೆ ಬದಲಿಸಬಹುದು. ಪೆಡಲ್ ಕೂರುವ ಭಾಗಕ್ಕೆ ಮಾತ್ರ 40ಕ್ಕೆ 80ರ ಪ್ರೊಫೈಲ್ ಬಳಸಿ, ಅದೂ 80ರ ಬದಿ ನಿಂತಿರುವಂತೆ. ಮಲಗಿಸಿ ಹಾಕಿದರೆ ಅದರ ಬಲ ವ್ಯರ್ಥ.

ಅಗ್ಗದ, ಗಟ್ಟಿಯಾದ ಇನ್ನೊಂದು ದಾರಿ ಕಬ್ಬಿಣದ ಚೌಕ ಪೈಪು. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆಯ ವೆಲ್ಡಿಂಗ್ ಶೆಡ್‌ಗಳಲ್ಲಾಗಲಿ, ಮಂಡ್ಯದಲ್ಲಿ ಗೇಟು ಗ್ರಿಲ್ ಮಾಡುವವರಲ್ಲಾಗಲಿ ಈ ಕೆಲಸ ಆಗುತ್ತದೆ. 40ಕ್ಕೆ 40ರ ಪೈಪು, 14 ಗೇಜ್, ಅಂದರೆ ಸುಮಾರು 2 ಮಿ.ಮೀ. ದಪ್ಪ. 18 ಗೇಜ್ ಸಾಕೆಂದು ಹೇಳಿದರೆ ಒಪ್ಪಬೇಡಿ. ಅವರಿಗೆ ರೇಸಿಂಗ್ ರಿಗ್ (ಇಂಥ ಚೌಕಟ್ಟು) ಎಂದರೆ ತಿಳಿಯದಿರಬಹುದು. "ಅಣ್ಣ, ಇದರಲ್ಲಿ ಕುಳಿತು ಐವತ್ತು ಕೆಜಿ ಬಲದಿಂದ ಒದ್ದರೂ ಅಲುಗಬಾರದು" ಎಂದು ಹೇಳಿ. ಎಲ್ಲಿಗೆ ಅಡ್ಡಪಟ್ಟಿ ಕೊಡಬೇಕೆಂದು ಅವರೇ ತೋರಿಸುತ್ತಾರೆ.

ಶೆಡ್‌ಗೆ ಹೋಗುವಾಗ ಬಾಯಿಮಾತಿನ ಅಳತೆ ಬೇಡ. ಪೆಡಲನ್ನು ರಟ್ಟಿನ ಮೇಲಿಟ್ಟು ಅಡಿಯ ತೂತುಗಳನ್ನು ಪೆನ್ಸಿಲ್‌ನಿಂದ ಗುರುತಿಸಿ, ರಟ್ಟನ್ನೇ ಕೊಡಿ. ಪೆಡಲ್ ಕೂರುವ ತಟ್ಟೆ 5 ಮಿ.ಮೀ. ದಪ್ಪವಿರಲಿ. ತೂತಿನ ಬದಲು ಉದ್ದನೆಯ ಸೀಳು ಕೊರೆಸಿದರೆ ಹಿಂದೆ ಮುಂದೆ ಸರಿಸಬಹುದು. ಇದನ್ನು ಹೇಳದಿದ್ದರೆ ಯಾರೂ ಮಾಡಿಕೊಡುವುದಿಲ್ಲ, ಆಮೇಲೆ ತಮ್ಮನಿಗೆ ಆಡಬೇಕೆನಿಸಿದಾಗ ಕಾಲು ಎಟುಕುವುದಿಲ್ಲ. ವೆಲ್ಡಿಂಗ್ ಬಿಸಿಗೆ ತಟ್ಟೆ ಸೊಟ್ಟಗಾಗುವುದುಂಟು. ಬಣ್ಣ ಹಚ್ಚುವ ಮೊದಲೇ ಸಮತಟ್ಟಾದ ನೆಲದ ಮೇಲಿಟ್ಟು ನಾಲ್ಕು ಮೂಲೆ ತಾಗುತ್ತವೆಯೇ ನೋಡಿ.

ಪ್ಲೈವುಡ್ಡೇ ಗತಿ ಎಂದಾದರೆ 19 ಮಿ.ಮೀ. ಹಲಗೆಯನ್ನು ಎರಡು ಪದರ ಅಂಟಿಸಿ, ಸ್ಕ್ರೂ ಬಿಟ್ಟು ಹಲಗೆಯನ್ನು ತೂರಿ ಆಚೆ ಬರುವ ಬೋಲ್ಟ್ ಹಾಕಿ. ಒಂದೇ ಹಲಗೆ ಬಾಗುತ್ತದೆ. ಮಹಡಿ ಮನೆಯವರು ಅಡಿಗೆ ದಪ್ಪ ರಬ್ಬರ್ ಹಾಸಿಕೊಳ್ಳಿ. ರಾತ್ರಿ ಹೊತ್ತು ಬ್ರೇಕ್ ಒದೆಯುವ ಸದ್ದು ಕೆಳಮನೆಗೆ ನೇರವಾಗಿ ಇಳಿಯುತ್ತದೆ.

## ಹಂತ 6: ಜೋಡಣೆ ಮತ್ತು ಬಾಗುವಿಕೆಯ ಪರೀಕ್ಷೆ

ಎಂ6 ಬೋಲ್ಟ್, ಅಗಲವಾದ ವಾಷರ್, ಒಳಗೆ ನೈಲಾನ್ ಉಂಗುರವಿರುವ ನಟ್. ಮೈಸೂರಿನ ಸಂತೇಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಚಿಲ್ಲರೆಯಾಗಿಯೇ ಸಿಗುತ್ತವೆ. ಎಲ್ಲವನ್ನೂ ಮೊದಲು ಸಡಿಲವಾಗಿ ಹಾಕಿ, ಕುಳಿತು ದೂರ ನೋಡಿ, ಆಮೇಲೆ ಬಿಗಿಯಿರಿ.

ದೂರ ಹೀಗಿರಲಿ: ಬ್ರೇಕನ್ನು ಪೂರ್ತಿ ಒತ್ತಿ ಹಿಡಿದಾಗಲೂ ಮೊಣಕಾಲು ಸ್ವಲ್ಪ ಮಡಿಸಿರಬೇಕು. ಕಾಲು ನೇರವಾಗಿ ಚಾಚಿಕೊಂಡರೆ ಬಲವನ್ನು ತಿದ್ದಲು ಆಗದು, ಮೊಣಕಾಲಿಗೂ ಕೆಟ್ಟದ್ದು. ಹಿಮ್ಮಡಿ ನೆಲಕ್ಕೆ ಊರಿರಬೇಕು. ಆಕ್ಸಿಲರೇಟರ್ ಬ್ರೇಕಿಗಿಂತ ತುಸು ಕೆಳಗಿದ್ದರೆ ಪಾದ ತಡವಿಲ್ಲದೆ ಹಾಯುತ್ತದೆ.

ಇನ್ನು ಪಾದರಕ್ಷೆ. ಮನೆಯೊಳಗೆ ಮೆಟ್ಟು ಹಾಕುವ ವಾಡಿಕೆ ನಮ್ಮಲ್ಲಿಲ್ಲ, ಹಾಗಾಗಿ ಎಲ್ಲರೂ ಬರಿಗಾಲಿನಲ್ಲೇ ಆಡುತ್ತಾರೆ. ಹಗುರವಾದ ಪೆಡಲಿಗೆ ಅದು ನಡೆಯುತ್ತದೆ. ಲೋಡ್ ಸೆಲ್ಲಿನ ಲೋಹದ ತಟ್ಟೆಯನ್ನು ಬರಿಗಾಲಿನಿಂದ ಅರ್ಧ ಗಂಟೆ ಒತ್ತಿದರೆ ಪಾದ ಉರಿಯುತ್ತದೆ. ಆಮೇಲೆ ಅರಿವಿಲ್ಲದೆ ಕಡಿಮೆ ಒತ್ತತೊಡಗುತ್ತೀರಿ. ತೆಳು ಅಡಿಯ ಕ್ಯಾನ್ವಾಸ್ ಶೂ ಒಂದು ಜೊತೆ ಆ ಕೋಣೆಗೆಂದೇ ಇಡಿ, ಹೊರಗೆ ಹಾಕಬೇಡಿ.

ಎಲ್ಲ ಬಿಗಿದ ಮೇಲೆ ಪರೀಕ್ಷೆ. ಮೊಬೈಲನ್ನು ಪಕ್ಕದಲ್ಲಿ ನೆಲಕ್ಕೆ ಇಟ್ಟು, ಪೆಡಲ್ ತಟ್ಟೆಯ ಅಂಚು ಕಾಣುವಂತೆ ವಿಡಿಯೊ ಹಾಕಿ. ಹಿನ್ನೆಲೆಯಲ್ಲಿ ಅಳತೆ ಪಟ್ಟಿ ನಿಲ್ಲಿಸಿ. ಗಟ್ಟಿಯಾಗಿ ಹತ್ತಾರು ಸಲ ಬ್ರೇಕ್ ಒತ್ತಿ, ವಿಡಿಯೊ ನಿಧಾನಗತಿಯಲ್ಲಿ ನೋಡಿ. ತಟ್ಟೆಯ ಅಂಚು ಅಳತೆ ಪಟ್ಟಿಯಲ್ಲಿ ಒಂದೆರಡು ಮಿ.ಮೀ. ಸರಿದರೆ ಪರವಾಗಿಲ್ಲ. ಐದು ಮಿ.ಮೀ. ದಾಟಿದರೆ ಅಡ್ಡಪಟ್ಟಿ ಸೇರಿಸಿ. ಕುಳಿತಾಗ ಕಾಲಿಗೆ ಗೊತ್ತಾಗದ ಬಾಗು ವಿಡಿಯೊದಲ್ಲಿ ಎದ್ದು ಕಾಣುತ್ತದೆ.

## ಹಂತ 7: ಕ್ಯಾಲಿಬ್ರೇಷನ್

1. ವಿಂಡೋಸ್‌ನಲ್ಲಿ ಹಿಂದೆ ಮಾಡಿದ ಕ್ಯಾಲಿಬ್ರೇಷನ್ ಇದ್ದರೆ ಅಳಿಸಿ ಡಿಫಾಲ್ಟ್‌ಗೆ ತನ್ನಿ. ಕಂಪನಿಯ ತಂತ್ರಾಂಶದಲ್ಲೂ ವಿಂಡೋಸ್‌ನಲ್ಲೂ ಎರಡೆರಡು ಸಲ ಮಾಡಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ.

2. ಪಾದ ತೆಗೆದು ಸೊನ್ನೆ ಗುರುತಿಸಿ. ಬಳಿಕ ಪಾದವನ್ನು ಬ್ರೇಕಿನ ಮೇಲೆ ಸುಮ್ಮನೆ ಇಡಿ. ಪಟ್ಟಿ ಎದ್ದರೆ ಕೆಳಗಿನ ಡೆಡ್‌ಝೋನ್ (ಪೆಡಲ್ ಚಲಿಸಿದರೂ ಅಂಕಿ ಬದಲಾಗದ ಭಾಗ) ಶೇ 1ರಿಂದ 3ರವರೆಗೆ ಏರಿಸಿ.

3. ಗರಿಷ್ಠ ಬಲ ಗುರುತಿಸಿ. ಅತಿ ಮುಖ್ಯವಾದದ್ದು ಇದೇ. ಒಮ್ಮೆ ಹಲ್ಲು ಕಚ್ಚಿ ಒದೆಯಬಲ್ಲ ಬಲವನ್ನು ಗರಿಷ್ಠ ಎಂದು ಗುರುತಿಸಬೇಡಿ. ಅರ್ಧ ಗಂಟೆಯ ರೇಸಿನಲ್ಲಿ ಪ್ರತಿ ತಿರುವಿಗೂ ಒತ್ತಬಲ್ಲ ಬಲ ಎಷ್ಟೋ ಅಷ್ಟು. ಹಂತ 1ರಲ್ಲಿ ಕುರ್ಚಿ 50 ಕೆಜಿ ತಡೆದಿದ್ದರೆ 30ರಿಂದ 35 ಕೆಜಿಗೆ ಶುರು ಮಾಡಿ. ವಾರಗಳು ಕಳೆದಂತೆ ಏರಿಸಬಹುದು.

4. ಆಕ್ಸಿಲರೇಟರಿಗೆ ಮೇಲ್ತುದಿಯಲ್ಲಿ ಶೇ 2ರ ಡೆಡ್‌ಝೋನ್ ಇರಲಿ. ಪೂರ್ತಿ ಒತ್ತಿದ್ದೇನೆಂದು ನೀವು ಭಾವಿಸಿ, ಆಟಕ್ಕೆ ಮಾತ್ರ ಶೇ 98 ತಲುಪುತ್ತಿದ್ದರೆ ನೇರ ದಾರಿಯಲ್ಲೆಲ್ಲ ಸಮಯ ಸೋರುತ್ತದೆ.

5. ಆಟದೊಳಗೆ ಬ್ರೇಕ್ ಗ್ಯಾಮಾ (ಒತ್ತಿದಂತೆ ಬ್ರೇಕ್ ಏರುವ ರೀತಿಯನ್ನು ಬದಲಿಸುವ ಅಂಕಿ) 1ಕ್ಕೆ ಇಡಿ. ದೂರ ಅಳೆಯುವ ಪೆಡಲ್‌ಗಳಿಗೆ ಈ ಅಂಕಿಯನ್ನು ಏರಿಸಿ ಆರಂಭದ ಭಾಗವನ್ನು ಮೆದು ಮಾಡುತ್ತಿದ್ದರು. ಲೋಡ್ ಸೆಲ್ಲಿಗೆ ಅದು ಬೇಡ. ಹಳೆಯ ಪೆಡಲಿನ ಸೆಟ್ಟಿಂಗ್ ಹಾಗೇ ಉಳಿಸಿಕೊಂಡು "ಹೊಸ ಬ್ರೇಕ್ ಹಿಡಿಯುತ್ತಿಲ್ಲ" ಎನ್ನುವವರು ಇಲ್ಲೇ ಎಡವಿರುತ್ತಾರೆ.

## ಹಂತ 8: ಕಾಲನ್ನು ಪಳಗಿಸುವುದು

ಮೊದಲ ಕೆಲವು ದಿನ ನೀವು ನಿಧಾನವಾಗುವುದು ಖಂಡಿತ. ಆ ದಿನಗಳಲ್ಲಿ ಸೆಟ್ಟಿಂಗ್ ಮುಟ್ಟಬೇಡಿ. ದಿನಕ್ಕೊಂದು ಸೆಟ್ಟಿಂಗ್ ಬದಲಿಸಿದರೆ ಕಾಲಿಗೆ ಕಲಿಯಲು ಏನೂ ಉಳಿಯುವುದಿಲ್ಲ.

ಎಬಿಎಸ್ ಇಲ್ಲದ, ಕಡಿಮೆ ಶಕ್ತಿಯ ಕಾರು ಆರಿಸಿ. ಟ್ರ್ಯಾಕ್ ಮೊಂಝಾ ಇರಲಿ: ಉದ್ದನೆಯ ನೇರ ದಾರಿ, ಅದರ ತುದಿಯಲ್ಲಿ ಬಹಳ ಗಟ್ಟಿಯಾಗಿ ಬ್ರೇಕ್ ಹಾಕಬೇಕಾದ ಬಲ-ಎಡ ತಿರುವು. ಪ್ರತಿ ಲ್ಯಾಪಿನಲ್ಲೂ ಒಂದೇ ಗುರುತಿನ ಬಳಿ ಬ್ರೇಕ್ ಒತ್ತಿ. ಚಕ್ರ ತಿರುಗುವುದು ನಿಂತು ಜಾರುವ ಅಂಚಿನವರೆಗೆ ಬೇಗ ಏರಿಸಿ, ತಿರುವಿನ ಒಳಗೆ ಹೋಗುತ್ತಾ ನಿಧಾನವಾಗಿ ಬಿಡಿ. ಸಿಮ್‌ಹಬ್ ತಂತ್ರಾಂಶದಲ್ಲಿ ಪೆಡಲ್ ರೇಖೆಯನ್ನು (ಎಷ್ಟು ಒತ್ತಿದಿರೆಂದು ತೋರಿಸುವ ಗೆರೆ) ಪರದೆಯ ಮೂಲೆಗೆ ಹಾಕಿಕೊಳ್ಳಿ. ಲ್ಯಾಪಿನಿಂದ ಲ್ಯಾಪಿಗೆ ರೇಖೆಯ ಆಕಾರ ಒಂದೇ ಬಗೆಯಾಗಿ ಬರತೊಡಗಿತೆಂದರೆ ಪೆಡಲಿಗೆ ಕೊಟ್ಟ ಹಣ ಕೆಲಸ ಮಾಡುತ್ತಿದೆ ಎಂದರ್ಥ. ಸಮಯ ಇಳಿಯುವುದು ಅದರ ನಂತರ.

## ಎಚ್ಚರಿಕೆಯ ಚಿಹ್ನೆಗಳು

ಪಾದ ತೆಗೆದರೂ ಬ್ರೇಕ್ ಶೇ 2, 3 ಉಳಿಯುತ್ತದೆ. ರಬ್ಬರ್ ಬಿಲ್ಲೆ ಪೂರ್ತಿ ಹಿಂದಿರುಗುತ್ತಿಲ್ಲ, ಅಥವಾ ಆರಂಭದ ಬಿಗಿ ಹೆಚ್ಚಾಗಿದೆ. ಹಾಗೇ ಬಿಟ್ಟರೆ ನೇರ ದಾರಿಯಲ್ಲೂ ಬ್ರೇಕ್ ಹಿಡಿದೇ ಓಡುತ್ತೀರಿ.

ಮುಟ್ಟದಿದ್ದರೂ ಅಂಕಿ ನಡುಗುತ್ತದೆ. ಯುಎಸ್‌ಬಿ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಹಾಕಿ ನೋಡಿ. ಆಗಲೂ ನಿಲ್ಲದಿದ್ದರೆ, ಲೋಹದ ಚೌಕಟ್ಟು ಮುಟ್ಟಿದಾಗ ಸಣ್ಣಗೆ ಜುಮ್ಮೆನ್ನುತ್ತಿದ್ದರೆ, ಅರ್ಥಿಂಗ್ ಸರಿಯಿಲ್ಲ. ಮೈಸೂರಿನ ಅಗ್ರಹಾರ, ಲಕ್ಷ್ಮೀಪುರಂ ಕಡೆಯ ಹಳೆಯ ಮನೆಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಿ. ಕೂಡಲೇ ಆಟ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಇದು ಲ್ಯಾಪ್ ಸಮಯದ ಮಾತಲ್ಲ, ಜೀವದ ಮಾತು.

ಒತ್ತಿದಾಗ ಟಿಕ್ ಎಂಬ ಸದ್ದು. ಬೋಲ್ಟ್ ಸಡಿಲವಾಗಿದೆ ಅಥವಾ ವೆಲ್ಡಿಂಗ್ ಬಿರುಕು ಬಿಡುತ್ತಿದೆ. ಬೆಸುಗೆಯ ಜಾಗದ ಬಣ್ಣ ಎದ್ದಿದೆಯೇ ನೋಡಿ.

ಮೊಣಕಾಲು ಅಥವಾ ಸೊಂಟದ ನೋವು. ಬಲ ಇಳಿಸಿ, ಕುರ್ಚಿ ಮುಂದೆ ತನ್ನಿ. ಮಾಂಸಖಂಡದ ಆಯಾಸ ಸಹಜ, ಕೀಲಿನ ನೋವು ಸಹಜವಲ್ಲ.

## ಆಮೇಲಿನ ನಿಗಾ

ತಿಂಗಳಿಗೊಮ್ಮೆ ಬೋಲ್ಟ್‌ಗಳನ್ನು ಮುಟ್ಟಿ ನೋಡಿ. ಪೆಡಲಿನ ಮೇಲೆ ಹಳೆಯ ಬಟ್ಟೆ ಹೊದಿಸಿಡಿ, ಗುಡಿಸುವಾಗಲಂತೂ ಮರೆಯಬೇಡಿ. ಏಪ್ರಿಲ್ ಸೆಕೆಗೆ ರಬ್ಬರ್ ಬಿಲ್ಲೆ ತುಸು ಮೆದುವಾಗಿ, ಅದೇ ಬಲಕ್ಕೆ ಪೆಡಲ್ ಹೆಚ್ಚು ಚಲಿಸಿದಂತೆ ಅನಿಸಬಹುದು. ಲೋಡ್ ಸೆಲ್ ಬಲವನ್ನೇ ಓದುವುದರಿಂದ ಅಂಕಿ ಹೆಚ್ಚು ಬದಲಾಗದು, ಮತ್ತೆ ಕ್ಯಾಲಿಬ್ರೇಷನ್‌ಗೆ ಓಡಬೇಡಿ. ಕೀಲುಗಳಿಗೆ ಗ್ರೀಸ್ ಬೇಕಾದರೆ ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಿ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡ.

ಕ್ಲಚ್ ಬಗ್ಗೆ ಕೊನೆಯಲ್ಲಿ ಹೇಳುವುದಕ್ಕೆ ಕಾರಣವಿದೆ. ಸ್ಟಿಯರಿಂಗ್ ಹಿಂದೆ ಬೆರಳಿನಿಂದ ಎಳೆಯುವ ಪ್ಯಾಡಲ್‌ನಿಂದಲೇ ಗೇರ್ ಬದಲಿಸುವವರಿಗೆ ಅದರ ಉಪಯೋಗ ಬಹುತೇಕ ಇಲ್ಲ. ಎರಡು ಪೆಡಲಿನ ಸೆಟ್ ಕೊಂಡು ಉಳಿದ ಹಣವನ್ನು ಚೌಕಟ್ಟಿಗೆ ಹಾಕಿ. ಎಚ್ ಮಾದರಿಯ ಗೇರ್ ಇಟ್ಟುಕೊಂಡು ಹಳೆಯ ಕಾರುಗಳನ್ನು ಓಡಿಸುವ ಆಸೆ ಹುಟ್ಟಿದ ಮೇಲೆ ಮೂರನೆಯದನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬಹುದು. ಹಾಗೆ ಸೇರಿಸಲು ಬರುತ್ತದೆಯೇ ಎಂದು ಮಾತ್ರ ಈಗಲೇ ಅಂಗಡಿಯವರನ್ನು ಕೇಳಿಟ್ಟುಕೊಳ್ಳಿ.